ಗುಂಡು ಬಿದ್ದ ಜಾಗ

ಬಸ್ ಡಿಪೋದಲ್ಲಿ ಎಲ್ಲರೂ ಅವನನ್ನು ತುಕ್ಕಣ್ಣ ಎಂದೇ ಕರೆಯುತ್ತಿದ್ದರು. ಹಳೆಯ ಬಸ್ಸುಗಳ ತಗಡು ಕೆರೆದು, ತಗ್ಗು ಬಿದ್ದಲ್ಲಿ ಪುಟ್ಟಿ ತುಂಬಿ, ಉಜ್ಜಿ ನಯ ಮಾಡಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದು, ಮೇಲೆ ಹೊಸ ಬಣ್ಣ ಹೊಡೆಯುವುದು ಅವನ ಕೆಲಸ. ಮೈ ಸಣ್ಣ, ದನಿ ಇನ್ನೂ ಸಣ್ಣ. ಸೂಪರ್‌ವೈಸರ್ ಕೂಗಾಡಿದರೆ, ತಪ್ಪು ಯಾರದೇ ಇರಲಿ, ಮೊದಲು ತಲೆ ತಗ್ಗಿಸುವವನು ಇವನೇ.

ಮನೆಗೆ ಬಂದ ಮೇಲೆ ಅವನು ಮಾಡುತ್ತಿದ್ದುದು ಪೂರಾ ಉಲ್ಟಾ ಕೆಲಸ. ಅಂಗೈ ಮೇಲೆ ಕೂರುವಂಥ ಪ್ಲಾಸ್ಟಿಕ್ ಟ್ಯಾಂಕುಗಳನ್ನು ತುಂಡು ತುಂಡಾಗಿ ಅಂಟಿಸಿ, ಒಪ್ಪವಾಗಿ ಬಣ್ಣ ಹೊಡೆದು, ಆಮೇಲೆ ಆ ಬಣ್ಣವನ್ನು ತಾನೇ ಕೆಡಿಸುತ್ತಿದ್ದ. ಹೊಚ್ಚ ಹೊಸ ಟ್ಯಾಂಕು ಅವನ ಕೈಯಲ್ಲಿ ಬಿಸಿಲು ತಿಂದು, ಧೂಳು ಕುಡಿದು, ಮರಳಿನಲ್ಲಿ ವರ್ಷಗಟ್ಟಲೆ ಓಡಾಡಿದಂತೆ ಕಾಣುತ್ತಿತ್ತು. ಅವನೇನೂ ಸೈನ್ಯದಲ್ಲಿ ಇದ್ದವನಲ್ಲ. ಮರುಭೂಮಿಯನ್ನು ಕಣ್ಣಾರೆ ಕಂಡವನೂ ಅಲ್ಲ.

"ಹಗಲೆಲ್ಲ ತುಕ್ಕು ತೆಗೀತಾರೆ, ಸಂಜೆ ಬಂದು ತುಕ್ಕು ಹಚ್ತಾರೆ. ಎರಡೂ ಬಿಟ್ಟು ಸುಮ್ಮನೆ ಕೂತಿದ್ರೂ ಲೆಕ್ಕ ಅಷ್ಟೇ ಆಗ್ತಿತ್ತು," ಎಂದು ಹೆಂಡತಿ ಬಂದವರ ಮುಂದೆ ಹೇಳಿ ನಗುತ್ತಿದ್ದಳು. ಅವಳು ಟೈಲರ್, ಹೊಲಿಯುವುದು ಹೆಚ್ಚಾಗಿ ಊರಿನ ಶಾಲೆಯ ಯೂನಿಫಾರ್ಮು. ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ, ಕಿಟಕಿಯ ಪಕ್ಕದ ಮೂಲೆಯಲ್ಲಿ ಇವನ ಮೇಜು. ಮೇಜಿನ ಕೆಳಗೆ ಕೆಟ್ಟುಹೋದ ಫ್ರಿಜ್ಜಿನಿಂದ ಬಿಚ್ಚಿ ತಂದ ಕಂಪ್ರೆಸರ್. ಅದಕ್ಕೆ ಬಣ್ಣ ಊದುವ ಏರ್‌ಬ್ರಷ್ ಸಿಕ್ಕಿಸಿ ಮರಳಿನ ಹಳದಿಯನ್ನು ಮಂಜಿನಂತೆ ಪದರ ಪದರವಾಗಿ ಕೂರಿಸುತ್ತಿದ್ದ. ತಳದ ಕೆಂಪು ಪ್ರೈಮರಿಗೂ ಹಳದಿಗೂ ನಡುವೆ ಒಂದು ಕೈ ಹೇರ್ ಸ್ಪ್ರೇ. ಮೇಲಿನ ಬಣ್ಣ ಒಣಗಿದ ಮೇಲೆ ಒದ್ದೆ ಬ್ರಷ್ಷಿನಿಂದ ತಿಕ್ಕಿದರೆ ಹಳದಿ ಚಕ್ಕೆ ಚಕ್ಕೆಯಾಗಿ ಎದ್ದು ಒಳಗಿನ ಕೆಂಪು ಇಣುಕುತ್ತದೆ.

"ತಲೆ ಮೇಲೆ ಕೂದಲಿಲ್ಲ, ಹೇರ್ ಸ್ಪ್ರೇ ಮಾತ್ರ ತಪ್ಪದೆ ತರ್ತಾರೆ. ಅಂಗಡಿಯವನು ನನ್ನನ್ನೇ ಅನುಮಾನದಿಂದ ನೋಡ್ತಾನೆ," ಎನ್ನುವುದು ಅವಳ ಇನ್ನೊಂದು ಮಾತು.

ಊರಿನ ಹೈಸ್ಕೂಲಿನ ಸಭಾಂಗಣದಲ್ಲಿ ಒಮ್ಮೆ ಕೈಕೆಲಸಗಳ ಪ್ರದರ್ಶನ ನಡೆದಾಗ ತುಕ್ಕಣ್ಣನೂ ಒಂದು ಮೂಲೆಯಲ್ಲಿ ತನ್ನ ಟ್ಯಾಂಕುಗಳನ್ನು ಇಟ್ಟುಕೊಂಡು ಕೂತಿದ್ದ. ಜನ ಬಂದರು, ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡರು, ಹೋದರು. ಒಬ್ಬ ಹೆಂಗಸು ಮಾತ್ರ ಹೋಗಲಿಲ್ಲ. ಎತ್ತರದ ಆಳು, ಬಿಗಿಯಾಗಿ ಕಟ್ಟಿದ ನರೆಗೂದಲು. ಅದೇ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಿಯಾದವರು. ಊರಿಗೆಲ್ಲ ಅವರು ಟೀಚರ್. ಅವರ ಒಬ್ಬನೇ ಮಗ ಟ್ಯಾಂಕಿನಲ್ಲಿ ಫಿರಂಗಿ ಹಾರಿಸುವ ಗನ್ನರ್ ಆಗಿದ್ದ. ಗಡಿಯಾಚೆಯ ಮರುಭೂಮಿಯಲ್ಲಿ ಹೋದ ವರ್ಷ ನಡೆದ ಯುದ್ಧದಲ್ಲಿ ಸತ್ತಿದ್ದ. ಶತ್ರುವಿನ ಗುಂಡು ಎದುರಿನಿಂದ ಬಡಿಯಿತು, ಹಿಂದೆ ಸರಿಯದೆ ಹೋರಾಡಿ ಮಡಿದ ಎಂದು ರೇಡಿಯೋದಲ್ಲಿ ಬಂದಿತ್ತು. ಪದಕವೂ ಬಂದಿತ್ತು.

ಟೀಚರ್ ಒಂದು ಟ್ಯಾಂಕಿನ ಮುಂದೆ ಬಗ್ಗಿ ನಿಂತು ಕೇಳಿದರು: "ಇದು ಯಾರದು?"

"ನನ್ನದೇ, ಟೀಚರ್. ನಾನೇ ಮಾಡಿದ್ದು."

"ಹಾಗಲ್ಲ. ಇದರೊಳಗೆ ಕೂತಿದ್ದೋರು ಯಾರು ಅಂತ."

ತುಕ್ಕಣ್ಣ ಇಷ್ಟು ವರ್ಷ ಟ್ಯಾಂಕು ಮಾಡಿದ್ದ. ಅದರೊಳಗೆ ಯಾರಾದರೂ ಕೂತಿರುತ್ತಾರೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

"ನನ್ನ ಮಗನದು ಮಾಡಿಕೊಡ್ತೀರಾ? ಕೊನೇ ದಿನ ಹೇಗಿತ್ತೋ ಹಾಗೆ," ಎಂದರು ಟೀಚರ್. ಶಾಲೆಯಲ್ಲಿ ಮಗನ ಹೆಸರಿನಲ್ಲಿ ಸ್ಮಾರಕ ಸಮಿತಿಯವರು ಒಂದು ಗಾಜಿನ ಕಪಾಟು ಇಡುವವರಿದ್ದರು. ಪದಕ, ಫೋಟೋ, ಜೊತೆಗೆ ಈ ಟ್ಯಾಂಕು. ಆಗುವುದಿಲ್ಲ ಎನ್ನಲು ತುಕ್ಕಣ್ಣನಿಗೆ ಬಾಯಿ ಬರಲಿಲ್ಲ.

ಆಮೇಲೆ ಭಾನುವಾರ ಬಂತೆಂದರೆ ಟೀಚರ್ ಬರುತ್ತಿದ್ದರು. ಹೊಲಿಗೆಗೆ ಬಟ್ಟೆ ಕೊಡಲು ಬಂದವರು ಕೂರುವ ಕುರ್ಚಿಯನ್ನು ಅವನ ಮೇಜಿನ ಬಳಿಗೆ ಎಳೆದುಕೊಂಡು ಕೂರುವರು. ಮಗ ಕಳಿಸಿದ್ದ ಫೋಟೋಗಳನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸುವರು. ಕೈ ಮಾತ್ರ ಯಾವುದಕ್ಕೂ ತಾಗಿಸುತ್ತಿರಲಿಲ್ಲ.

"ಇಲ್ಲಿ ಬಣ್ಣ ಜಾಸ್ತಿ ಸವೆದಿರಬೇಕು," ಎಂದು ಒಮ್ಮೆ ಎಡಗಡೆಯ ಮೆಟ್ಟಿಲಂಥ ಕೊಂಡಿ ತೋರಿಸಿದರು. "ಅವನ ಬಲಮೊಣಕಾಲು ನೋಯ್ತಿತ್ತು. ಚಿಕ್ಕಂದಿನಲ್ಲಿ ಬಿದ್ದಿದ್ದ. ಯಾವಾಗಲೂ ಎಡಗಡೆಯಿಂದಲೇ ಹತ್ತುತೀನಿ ಅಂತ ಫೋನಲ್ಲಿ ಹೇಳಿದ್ದ."

ತುಕ್ಕಣ್ಣ ಪಾತ್ರೆ ತಿಕ್ಕುವ ಸ್ಪಂಜಿನ ಚೂರೊಂದನ್ನು ಕಂದು ಬಣ್ಣಕ್ಕೆ ಅದ್ದಿ, ಕಾಗದದ ಮೇಲೆ ಒತ್ತಿ ಒಣಗಿಸಿ, ಕೊಂಡಿಯ ಮೇಲೆ ಮೆಲ್ಲನೆ ಮುಟ್ಟಿಸಿದ. ಮೆತ್ತನೆಯ ಪೆನ್ಸಿಲಿನಿಂದ ಅಂಚನ್ನು ತೀಡಿದ. ಬರಿಯ ಕಬ್ಬಿಣ ಹೊಳೆದಂತಾಯಿತು. ಟೀಚರ್ ಅದನ್ನೇ ನೋಡುತ್ತ ಕೂತರು. ಅವತ್ತು ತುಕ್ಕಣ್ಣನಿಗೆ ಮೊದಲ ಸಲ ಅಳುಕು ಹುಟ್ಟಿತು. ತಾನು ಬಣ್ಣ ಹಚ್ಚುತ್ತಿಲ್ಲ, ಯಾರದೋ ಹೆಜ್ಜೆ ಹುಡುಕುತ್ತಿದ್ದೇನೆ ಅನ್ನಿಸಿತು.

ಚಕ್ರ, ಚೈನು, ಫಿರಂಗಿ ಎಲ್ಲ ಮುಗಿದು, ಸೀಮೆಸುಣ್ಣದ ಪುಡಿಯಲ್ಲಿ ಧೂಳೂ ಕೂತ ಮೇಲೆ ಉಳಿದದ್ದು ಗುಂಡು ಬಿದ್ದ ಜಾಗ ಒಂದೇ. ಆ ಭಾನುವಾರ ಟೀಚರ್ ಒಬ್ಬರೇ ಬರಲಿಲ್ಲ. ಜೊತೆಯಲ್ಲಿ ಒಬ್ಬ ಯುವಕ. ಎರಡೂ ಕೈಯ ಚರ್ಮ ಸುಟ್ಟು ಸುಕ್ಕಾಗಿತ್ತು. ಮಗನ ಟ್ಯಾಂಕನ್ನು ಓಡಿಸುತ್ತಿದ್ದವನು, ಅದರಿಂದ ಬದುಕಿ ಬಂದವನು ಅವನೊಬ್ಬನೇ. ಅವನನ್ನು ಹುಡುಕಿ ಕರೆತರಲು ಟೀಚರ್ ಎಷ್ಟು ಊರು ತಿರುಗಿದ್ದರೋ.

ಅವನು ಮೇಜಿನ ಮೇಲಿದ್ದ ಟ್ಯಾಂಕನ್ನು ಕಂಡವನೇ ಗೋಡೆಗೆ ಒರಗಿ ನಿಂತ. ಹೆಂಡತಿ ನೀರು ತಂದುಕೊಟ್ಟಳು. ಕುಡಿದು, ಸ್ವಲ್ಪ ಹೊತ್ತು ಬಿಟ್ಟು ಹತ್ತಿರ ಬಂದ.

"ಎದುರಿಂದ ಬಡೀತು ಅಂತಾರಲ್ಲ, ಎಲ್ಲಿಗೆ?" ಎಂದು ತುಕ್ಕಣ್ಣ ಕೇಳಿದ.

"ಮುಂದೆ ಕೂರೋನು ಡ್ರೈವರ್, ಅಣ್ಣ. ನಾನು. ಎದುರಿಂದ ಬಡಿದಿದ್ರೆ ನಾನಿಲ್ಲಿ ನಿಂತಿರ್ತಿರಲಿಲ್ಲ."

ಹುಡುಗ ಸುಟ್ಟ ಬೆರಳನ್ನು ಚಾಚಿ, ಫಿರಂಗಿ ಕೂರಿಸಿದ ಗುಮ್ಮಟವನ್ನು ಸುತ್ತುಹಾಕಿ, ಅದರ ಬೆನ್ನಿನ ಮೇಲೆ ಇಟ್ಟ.

"ಇಲ್ಲಿ. ಹಿಂದಿನಿಂದ. ಧೂಳಿನ ಬಿರುಗಾಳಿ ಎದ್ದಿತ್ತು. ನಾವು ತುಂಬ ಮುಂದೆ ಹೋಗಿಬಿಟ್ಟಿದ್ವಿ. ಹಿಂದೆ ಇದ್ದದ್ದು ನಮ್ಮೋರೇ. ಎಲ್ಲ ಟ್ಯಾಂಕಿಗೂ ಅದೇ ಮರಳಿನ ಬಣ್ಣ, ಆ ಧೂಳಲ್ಲಿ ಯಾರು ಯಾರು ಅಂತ ಹೇಗೆ ಗೊತ್ತಾಗತ್ತೆ? ರೇಡಿಯೋದಲ್ಲಿ ಕೂಗಿದ್ವಿ. ಯಾರೂ ಕೇಳಿಸಿಕೊಳ್ಳಲಿಲ್ಲ." ಅವನು ಟೀಚರ್ ಕಡೆ ತಿರುಗಿದ. "ಎದುರಿಂದ ಬಡೀತು ಅಂತ ಮೇಲಿನೋರು ಬರೆದು ತಂದ ಕಾಗದಕ್ಕೆ ನಾನು ಸಹಿ ಹಾಕಿಬಿಟ್ಟೆ, ಅಮ್ಮ. ಆಸ್ಪತ್ರೆಯಲ್ಲಿದ್ದೆ."

ಟೀಚರ್ ಅವನ ಕೈ ಹಿಡಿದುಕೊಂಡರು. "ನೀನು ಬದುಕಿದೀಯಲ್ಲ, ಸಾಕು," ಎಂದರು. ಆಮೇಲೆ ತುಕ್ಕಣ್ಣನಿಗೆ, ಕ್ಲಾಸಿನಲ್ಲಿ ಲೆಕ್ಕ ಹೇಳಿಕೊಟ್ಟಷ್ಟೇ ನಿಧಾನವಾಗಿ ಹೇಳಿದರು: "ಕೇಳಿಸ್ತಲ್ಲ. ಅಲ್ಲೇ ಮಾಡಿ."

ಆ ವಾರ ಡಿಪೋದ ಗೇಟಿನ ಎದುರು ಒಂದು ಬೂದು ಬಣ್ಣದ ಕಾರು ನಿಲ್ಲತೊಡಗಿತು. ತುಕ್ಕಣ್ಣನಿಗೆ ಮೊದಲು ಕಂಡದ್ದು ಅದರ ಬಾಗಿಲಿಗೆ ಯಾರೋ ಹೊಡೆದಿದ್ದ ತೇಪೆ ಬಣ್ಣ. ಮೂಲ ಬಣ್ಣಕ್ಕಿಂತ ಒಂದು ಚೂರು ತಿಳಿ. ಒಳಗೆ ಕೂತವನ ಮುಖ ಕಾಣುತ್ತಿರಲಿಲ್ಲ. ಮರುದಿನ ಅದೇ ಕಾರು ಅವನ ಬೀದಿಯ ತಿರುವಿನಲ್ಲಿ ನಿಂತಿತ್ತು. ತಿಳಿ ಬಾಗಿಲು ನೋಡಿದ್ದೇ ಅವನು ಹಿತ್ತಲ ದಾರಿಯಿಂದ ಮನೆ ಸೇರಿದ.

ಶನಿವಾರ ಡಿಪೋದಿಂದ ಬಂದಾಗ ಮುಂದಿನ ಕೋಣೆಯಲ್ಲಿ ಟೀಚರ್ ಕೂರುವ ಕುರ್ಚಿಯಲ್ಲಿ ಒಬ್ಬ ಕೂತಿದ್ದ. ಬಿಳಿ ಅಂಗಿ, ಮಡಿಕೆ ಒಂದಿಷ್ಟೂ ಮುರಿದಿಲ್ಲ. ನಡುವಯಸ್ಸು, ನಗುಮುಖ. ಸ್ಮಾರಕ ಸಮಿತಿಯಿಂದ ಬಂದವನೆಂದು ಹೇಳಿಕೊಂಡ. ಹೆಂಡತಿ ಯಂತ್ರದ ಮುಂದೆ ಕೂತಿದ್ದಳು, ಆದರೆ ಹೊಲಿಯುತ್ತಿರಲಿಲ್ಲ.

"ಬನ್ನಿ ಯಜಮಾನ್ರೇ, ನಿಮಗೇ ಕಾಯ್ತಿದ್ದೆ," ಎಂದ, ಮನೆ ತನ್ನದೇ ಎಂಬಂತೆ. "ಏನು ಕೈ ರೀ ನಿಮ್ಮದು. ಧೂಳು ನೋಡಿದ್ರೆ ಸೀನು ಬರತ್ತೆ." ಟ್ಯಾಂಕಿನ ಮುಂದಿನ ಇಳಿಜಾರು ತಗಡನ್ನು ಉಗುರಿನಿಂದ ತಟ್ಟಿದ. "ಗುಂಡು ಬಿದ್ದ ಗುರುತು ಇಲ್ಲಿ ಬರಬೇಕು. ನೋಡೋರಿಗೆ ಎದ್ದು ಕಾಣತ್ತೆ. ಎದೆ ಕೊಟ್ಟು ನಿಂತ ಹಾಗೆ."

"ಟೀಚರ್ ಬೇರೆ ಹೇಳಿದಾರೆ," ಎಂದ ತುಕ್ಕಣ್ಣ.

"ಪಾಪ, ಹೆತ್ತ ಹೊಟ್ಟೆ. ಯಾರೋ ಏನೋ ತಲೆ ಕೆಡಿಸಿದಾರೆ. ಆ ಡ್ರೈವರ್ ಹುಡುಗ ಇಲ್ಲಿಗೂ ಬಂದಿದ್ನಂತಲ್ಲ. ಅವನಿಗೆ ತಲೆ ಸರಿಯಿಲ್ಲ. ಚಿಕಿತ್ಸೆಗೆ ಕಳಿಸಿದೀವಿ."

"ಎಲ್ಲಿಗೆ?"

"ದೂರ." ಅವನು ಯಂತ್ರದ ಪಕ್ಕ ಮಡಿಸಿಟ್ಟಿದ್ದ ಶಾಲೆಯ ಯೂನಿಫಾರ್ಮೊಂದನ್ನು ಎತ್ತಿ, ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದ. "ಚೆನ್ನಾಗಿದೆ, ಅಮ್ಮ. ಶಾಲೆಯವರಿಗೆ ನಾನು ಒಂದು ಮಾತು ಹೇಳಿದ್ರೆ ಸಾಕು." ಏನು ಮಾತು ಎಂದು ಹೇಳಲಿಲ್ಲ. ಬಟ್ಟೆಯನ್ನು ಮೊದಲಿದ್ದ ಹಾಗೆಯೇ ಮಡಿಸಿಟ್ಟು, ಇಬ್ಬರಿಗೂ ಕೈ ಮುಗಿದು, ಚಪ್ಪಲಿ ಮೆಟ್ಟಿಕೊಂಡು ಹೊರಟ.

ಹೆಂಡತಿ ಆ ಯೂನಿಫಾರ್ಮನ್ನು ಬಿಚ್ಚಿ ಮತ್ತೆ ಮಡಿಸಿದಳು. ಕೊನೆಗೆ ಅವಳೇ ಹೇಳಿದಳು: "ಮುಂದುಗಡೆನೇ ಮಾಡಿಬಿಡಿ, ರೀ. ಪ್ಲಾಸ್ಟಿಕ್ ತಾನೇ."

ಅವನು ಮಾಡಿಬಿಟ್ಟ. ಕೈಯಲ್ಲಿ ತಿರುಗಿಸುವ ಪುಟ್ಟ ಡ್ರಿಲ್ಲಿನಿಂದ ಮುಂದಿನ ತಗಡನ್ನು ಕೊರೆದು, ಬಿಸಿ ಸೂಜಿಯಿಂದ ಅಂಚು ಕರಗಿಸಿ ಒಳಕ್ಕೆ ಮಡಿಸಿ, ಸುತ್ತ ಮಸಿ ಕೂರಿಸಿದ. ಅಚ್ಚುಕಟ್ಟಾಗಿಯೇ ಬಂತು. ಆ ರಾತ್ರಿ ಅವನು ಊಟಕ್ಕೆ ಏಳಲಿಲ್ಲ.

ಭಾನುವಾರ ಟೀಚರ್ ಬಂದು ಕೂತರು. ನೋಡಿದರು. ಬೈಯುತ್ತಾರೆ, ಅಳುತ್ತಾರೆ, ಎದ್ದು ಹೋಗುತ್ತಾರೆ ಎಂದು ಅವನು ಕಾಯುತ್ತಿದ್ದ. ಅವರು ಅದುವರೆಗೆ ಮುಟ್ಟದಿದ್ದ ಟ್ಯಾಂಕನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ತಿರುಗಿಸಿ, ಗುಮ್ಮಟದ ಬೆನ್ನನ್ನು ಕಣ್ಣಿನ ಹತ್ತಿರ ಹಿಡಿದರು. ಅಲ್ಲಿ ಹಳದಿ ಬಣ್ಣ ಒಂದು ಚಕ್ಕೆಯೂ ಏಳದೆ ನುಣ್ಣಗಿತ್ತು.

"ಹಿಂದುಗಡೆ ತುಂಬ ಚೆನ್ನಾಗಿ ಬಂದಿದೆ," ಎಂದರು.

ತುಕ್ಕಣ್ಣ ನೆಲ ನೋಡಿದ.

"ಯಾರು ಬಂದಿದ್ರು?"

"ಬಿಳಿ ಅಂಗಿಯವನು," ಎಂದದ್ದು ಹೆಂಡತಿ.

"ನಮ್ಮನೆಗೂ ಬಂದಿದ್ದ. ಕಾಫಿ ಕುಡಿದ, ಲೋಟ ತೊಳೆದಿಟ್ಟು ಹೋದ." ಟೀಚರ್ ಟ್ಯಾಂಕನ್ನು ಕೆಳಗಿಟ್ಟರು. "ನಿಮ್ಮನ್ನ ತಪ್ಪು ಅನ್ನಲ್ಲ. ನಿಮಗೆ ಸಂಸಾರ ಇದೆ. ನೀವು ಕೊರೀಬೇಡಿ. ಹೇಗೆ ಕೊರೆಯೋದು ಅಂತ ನನಗೆ ಹೇಳಿಕೊಡಿ."

ಅವನು ಹೆಂಡತಿಯ ಕಡೆ ನೋಡಿದ. ಅವಳು ಎದ್ದು ಹೋಗಿ ಬೀದಿ ಬಾಗಿಲು ಹಾಕಿ ಚಿಲಕ ಸಿಕ್ಕಿಸಿದಳು. ಬೇಡ ಎನ್ನುವುದಿದ್ದರೆ ಅವಳು ಬಾಯಲ್ಲೇ ಹೇಳುವವಳು.

ತುಕ್ಕಣ್ಣ ಡ್ರಿಲ್ಲನ್ನು ಟೀಚರ್ ಕೈಗೆ ಕೊಟ್ಟು, ಗುಮ್ಮಟವನ್ನು ತಾನು ಬಿಗಿಯಾಗಿ ಹಿಡಿದುಕೊಂಡ. "ಒತ್ತಬೇಡಿ. ಸುಮ್ಮನೆ ತಿರುಗಿಸಿ. ಅದೇ ದಾರಿ ಮಾಡಿಕೊಳ್ಳತ್ತೆ." ಅವರು ತಿರುಗಿಸಿದರು. ಬಿಳಿಯ ಪ್ಲಾಸ್ಟಿಕ್ ಸಿಪ್ಪೆ ಸುರುಳಿ ಸುರುಳಿಯಾಗಿ ಮೇಜಿನ ಮೇಲೆ ಉದುರಿತು. ಒಂದು ಹಂತದಲ್ಲಿ ಡ್ರಿಲ್ಲು ತಟ್ಟನೆ ಒಳಗಿಳಿಯಿತು. ಡ್ರಿಲ್ಲನ್ನು ಹೊರಗೆಳೆಯಲು ಅವರಿಂದಾಗಲಿಲ್ಲ. ತುಕ್ಕಣ್ಣನೇ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ಅವರು ಹೋದ ಮೇಲೆ ಅವನು ಕೈ ಕಟ್ಟಿಕೊಂಡು ಸುಮ್ಮನೆ ಕೂರಬಹುದಿತ್ತು. ಕೊರೆದವರು ಅವರು, ನಾನಲ್ಲ ಎನ್ನಬಹುದಿತ್ತು. ಆದರೆ ಆ ತೂತು ಗೋಡೆಗೆ ಮೊಳೆ ಹೊಡೆಯಲು ಕೊರೆದ ಹಾಗಿತ್ತು. ಶುದ್ಧ ದುಂಡಗೆ. ಹಾಗೆ ಬಿಟ್ಟರೆ ಯಾರೂ ನಂಬುವುದಿಲ್ಲ. ಅವನು ಸೂಜಿ ಬಿಸಿ ಮಾಡಿದ. ಅಂಚು ಕರಗಿಸಿದ. ಮಸಿ ಹಚ್ಚಿದ, ಬೆಂಕಿ ಮೇಲಕ್ಕೆ ನೆಕ್ಕಿದ ಕಡೆ ಬಣ್ಣವನ್ನು ಬೂದಿಯಂತೆ ಬಿಳಿಚಿಸಿದ. ಆಮೇಲೆ ಮುಂದಿನ ತೂತಿಗೆ ಪುಟ್ಟಿ ತುಂಬಿದ. ಇದು ಡಿಪೋದಲ್ಲಿ ದಿನಾ ಮಾಡುವ ಕೆಲಸ. ಒಣಗಿಸಿ, ಒದ್ದೆ ಮಾಡಿದ ಉಪ್ಪುಕಾಗದದಿಂದ ಉಜ್ಜಿ, ಹಳದಿ ಹೊಡೆದು, ಧೂಳು ಕೂರಿಸಿದ ಮೇಲೆ ಅಲ್ಲೊಂದು ಗಾಯವಿತ್ತು ಎಂದು ಅವನ ಕಣ್ಣಿಗೂ ಕಾಣಲಿಲ್ಲ.

"ಪ್ಲಾಸ್ಟಿಕ್ ತಾನೇ ಅಂದಿದ್ದೆ ನಾನು," ಎಂದಳು ಹೆಂಡತಿ, ಅವನ ಹೆಗಲ ಹಿಂದೆ ನಿಂತು.

ಕಪಾಟು ತೆರೆಯುವ ದಿನ ಸಭಾಂಗಣ ತುಂಬಿತ್ತು. ಭಾಷಣಗಳಾದವು. ಎದೆಗೊಟ್ಟು ನಿಂತ ವೀರ ಎಂದು ಒಬ್ಬರಾದ ಮೇಲೊಬ್ಬರು ಹೇಳಿದರು. ಟೀಚರ್ ಮೊದಲ ಸಾಲಿನಲ್ಲಿ ನೆಟ್ಟಗೆ ಕೂತಿದ್ದರು. ಟ್ಯಾಂಕನ್ನು ಅವರೇ ಬಟ್ಟೆಯಲ್ಲಿ ಸುತ್ತಿ ತಂದು, ಅವರೇ ಕಪಾಟಿನೊಳಗೆ ಇಟ್ಟಿದ್ದರು, ಅದರ ಬೆನ್ನು ಜನರ ಕಡೆಗೆ ಮಾಡಿ. ಪರದೆ ಸರಿದಾಗ ಚಪ್ಪಾಳೆ ಜೋರಾಗಿ ಶುರುವಾಗಿ, ಮುಂದಿನ ಸಾಲುಗಳಲ್ಲಿ ಸಣ್ಣಗಾಗಿ, ಹಿಂದೆ ಮಾತ್ರ ಇನ್ನೂ ಸ್ವಲ್ಪ ಹೊತ್ತು ಕೇಳಿಸಿತು. ಬಿಳಿ ಅಂಗಿಯವನು ಹತ್ತಿರ ಹೋಗಿ ನೋಡಿದ. ಅವನ ನಗು ಅಳಿಯಲಿಲ್ಲ. ಮೊಬೈಲು ತೆಗೆದು ಟ್ಯಾಂಕಿನ ಫೋಟೋ ಒಂದು ಹಿಡಿದ. ಆಮೇಲೆ ತಿರುಗಿ, ಜನರ ನಡುವೆ ತುಕ್ಕಣ್ಣನನ್ನು ಹುಡುಕಿ, ಅವನದೂ ಒಂದು ಹಿಡಿದ.

ಏನಾಗುತ್ತದೋ ಎಂದು ಕಾದದ್ದೇ ಬಂತು, ದೊಡ್ಡದು ಏನೂ ಆಗಲಿಲ್ಲ. ಆದದ್ದೆಲ್ಲ ಸಣ್ಣ ಸಣ್ಣದು. ಡಿಪೋದಲ್ಲಿ ಅವನನ್ನು ಬಣ್ಣದ ಶೆಡ್ಡಿನಿಂದ ಬಸ್ಸು ತೊಳೆಯುವ ಕಡೆಗೆ ಹಾಕಿದರು. "ಮೇಲಿನಿಂದ ಬಂದಿದೆ, ತುಕ್ಕಣ್ಣ," ಎಂದ ಸೂಪರ್‌ವೈಸರ್. ಆ ಹೊತ್ತು ಅವನೂ ಕೂಗಾಡಲಿಲ್ಲ. ಅದೇ ಹೆಚ್ಚು ಹೆದರಿಕೆ ತಂದಿತು. ಶಾಲೆಯ ಯೂನಿಫಾರ್ಮುಗಳು ಬರುವುದು ನಿಂತಿತು. ನೆರೆಯವರು ಹರಿದ ಬಟ್ಟೆಗಳನ್ನು ಯಾರಿಗೂ ಕಾಣದಂತೆ ಹಿತ್ತಲ ಬಾಗಿಲಿಗೆ ತಂದುಕೊಡತೊಡಗಿದರು.

ಒಂದು ಮಧ್ಯಾಹ್ನ ತುಕ್ಕಣ್ಣ ಶಾಲೆಗೆ ಹೋದ. ಕಪಾಟಿನಲ್ಲಿ ಪದಕವಿತ್ತು, ಫೋಟೋ ಇತ್ತು. ಟ್ಯಾಂಕಿದ್ದ ಜಾಗದಲ್ಲಿ ಸೀಮೆಸುಣ್ಣದ ಪುಡಿಯ ಎರಡು ಗೆರೆ ಮಾತ್ರ.

"ರಿಪೇರಿಗೆ ಹೋಗಿದೆಯಲ್ಲ," ಎಂದರು ಹೆಡ್‌ಮಾಸ್ಟರ್, ಅವನ ಮುಖ ನೋಡದೆ. "ನೀವೇ ಕಳಿಸಿದ್ದು ಅಂತ ಹೇಳಿ ತಗೊಂಡು ಹೋದ್ರು."

"ಯಾರು, ಸಾರ್?"

"ನಿಮ್ಮ ಕಡೆಯವರೇ ಅಂದ್ರು." ಅವರು ಕನ್ನಡಕ ತೆಗೆದು ಒರೆಸಿದರು. "ಮನೆಗೆ ಹೋಗಿ. ನಾನೂ ಇಲ್ಲಿ ಇನ್ನೊಂದಷ್ಟು ವರ್ಷ ಇರಬೇಕಾದವನು."

ಟೀಚರಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ತಡಕಾಡುತ್ತ ಹೋದ. ಅವರ ಮನೆಯ ಬಾಗಿಲು ತಟ್ಟುವ ಮೊದಲೇ ತೆರೆಯಿತು. ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು. ಡ್ರೈವರ್ ಹುಡುಗನ ಫೋನು ಈಗ ರಿಂಗೂ ಆಗುವುದಿಲ್ಲ ಎಂದರು. ಅವನ ಅಮ್ಮನಿಗೂ ಅವನಿರುವ ಊರು ಗೊತ್ತಿಲ್ಲವಂತೆ.

"ಭಯ ಆಗತ್ತಾ ನಿಮಗೆ?" ಎಂದು ಕೇಳಿದರು.

"ಆಗತ್ತೆ, ಟೀಚರ್."

"ನನಗೂ ಆಗತ್ತೆ. ಮಗ ಹೋದ ಮೇಲೆ ಇನ್ನೇನು ಭಯ ಅಂದುಕೊಂಡಿದ್ದೆ. ಆದ್ರೂ ಆಗತ್ತೆ, ನೋಡಿ."

ಅವನು ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. ಅವಳು ಬೀರು ತೆಗೆದಳು. ಅವಳ ಸೀರೆಗಳ ಕೆಳಗೆ, ಅವನು ಯಾವಾಗಲೋ ತಂದು ಮರೆತಿದ್ದ ಅದೇ ಟ್ಯಾಂಕಿನ ಅಂಟಿಸದ ತುಂಡುಗಳಿದ್ದ ಇನ್ನೊಂದು ಪೆಟ್ಟಿಗೆಯಿತ್ತು. ತಂದು ಮೇಜಿನ ಮೇಲಿಟ್ಟಳು.

ಎರಡನೆಯದನ್ನು ಅವನು ಭಾನುವಾರಕ್ಕೆ ಕಾಯದೆ ಸಂಜೆ ಸಂಜೆ ಮಾಡಿದ. ಕಿಟಕಿಗೆ ಪರದೆ ಎಳೆದುಕೊಳ್ಳುತ್ತಿದ್ದ. ಅದು ಮುಗಿದ ಮೇಲೆ ಟೀಚರ್ ಮನೆಯ ಹಾಲಿನಲ್ಲಿ, ಟಿವಿಯ ಪಕ್ಕ ಕೂತಿತು. ಬರುವವರು ಮೊದಲು ಕಡಿಮೆ ಇದ್ದರು. ಆಮೇಲೆ ದೂರದೂರಿಂದ ಕೆಲವರು ಬರತೊಡಗಿದರು. ಅದೇ ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡವರು. ಬಂದವರು ಟ್ಯಾಂಕಿನ ಹಿಂದಕ್ಕೆ ಹೋಗಿ ನಿಂತು, ಬಗ್ಗಿ ನೋಡಿ, ಅಲ್ಲೇ ಕೂತುಬಿಡುತ್ತಿದ್ದರು. ಅವರಲ್ಲೊಬ್ಬ ತಂದೆ ತುಕ್ಕಣ್ಣನ ಮನೆ ಕೇಳಿಕೊಂಡು ಬಂದ. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಇನ್ನೊಂದು ಟ್ಯಾಂಕು, ಅದರ ಮೇಲೆ ಕೂತು ನಗುತ್ತಿರುವ ಇನ್ನೊಬ್ಬ ಹುಡುಗ.

"ಇವನಿಗೂ ಎದುರಿಂದಲೇ ಬಡೀತು ಅಂತ ಹೇಳಿದಾರೆ," ಎಂದ.

ತುಕ್ಕಣ್ಣ ಅವನನ್ನು ಒಳಗೆ ಕರೆದ. ಬಾಗಿಲು ಹಾಕುವ ಮುಂಚೆ ಬೀದಿಯ ಎರಡೂ ಕಡೆ ಕಣ್ಣು ಹಾಯಿಸಿದ. ಬೀದಿ ಖಾಲಿಯಿತ್ತು. ಈಚೆಗೆ ಅವನಿಗೆ ಖಾಲಿ ಬೀದಿಯೂ ಸಮಾಧಾನ ಕೊಡುತ್ತಿರಲಿಲ್ಲ. ಚಿಲಕ ಹಾಕಿ, ಕೂರಲು ಕುರ್ಚಿ ಎಳೆದು ಕೊಟ್ಟು, ಆ ಫೋಟೋವನ್ನು ದೊಡ್ಡದು ಮಾಡಿ ನೋಡತೊಡಗಿದ.